ಕಫದ ಔಷಧವೂ ನುಣುಪು ಸ್ನಾಯುವಿನ ಅರ್ಬುದವೂ

ಎದೆಯಲ್ಲಿ ಕಟ್ಟಿಕೊಂಡ ಕಫವನ್ನು ತೆಳುವಾಗಿಸಿ ಹೊರಬರಿಸುವುದಕ್ಕೆಂದು ವೈದ್ಯರು ಅರ್ಧ ಶತಮಾನಕ್ಕೂ ಮಿಕ್ಕ ಕಾಲದಿಂದ ಬರೆದುಕೊಡುತ್ತ ಬಂದಿರುವ, ನಮ್ಮ ಪೇಟೆಗಳ ಔಷಧದಂಗಡಿಗಳಲ್ಲಿ ನೀರಿಗೆ ಹಾಕಿದೊಡನೆ ಬುರುಗೇಳುವ ಗುಳಿಗೆಯಾಗಿ ದೊರೆಯುವ ಅಸಿಟೈಲ್‌ಸಿಸ್ಟೀನ್ ಎಂಬ ಪದಾರ್ಥವು, ಅರ್ಬುದರೋಗದ ಸಂಶೋಧನೆಯಲ್ಲಿ ಒಂದು ಕಾಲಕ್ಕೆ ರಕ್ಷಕವೆಂದೂ ಮತ್ತೊಂದು ಕಾಲಕ್ಕೆ ರೋಗವನ್ನು ಹಬ್ಬಿಸುವ ಸಹಾಯಕವೆಂದೂ ಹೆಸರು ಪಡೆದುದು ಇತ್ತೀಚಿನ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ. ಇಲಿಗಳ ಮೇಲೆ ನಡೆದ ಪ್ರಯೋಗವೊಂದರ ವರದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ, ಆ ಪ್ರಯೋಗ ಯಾವ ಅರ್ಬುದವನ್ನು ಕುರಿತದ್ದೆಂದು ವಿಚಾರಿಸುವ ತಾಳ್ಮೆಯಿಲ್ಲದೆ, ಬೇರೆಬೇರೆ ಅರ್ಬುದಗಳಿಂದ ನರಳುತ್ತಿರುವವರು ಅದನ್ನು ತಮ್ಮ ಮೈಗೆ ಅನ್ವಯಿಸಿಕೊಂಡು ಆಶೆಪಡುವುದೋ ದಿಗಿಲುಗೊಳ್ಳುವುದೋ ಸಹಜವೇ ಆಗಿದೆ. ಅವರೊಳಗೆ ಎಲ್ಲರಿಗಿಂತ ಅಸಹಾಯರಾದವರು ಅಪರೂಪದ ರೋಗಕ್ಕೆ ತುತ್ತಾದವರು, ಏಕೆಂದರೆ ತಮ್ಮ ರೋಗವನ್ನೇ ನೇರವಾಗಿ ಪರೀಕ್ಷಿಸಿದ ಪ್ರಯೋಗಗಳು ಅವರ ಪಾಲಿಗೆ ಬಲು ಕೊಂಚ. ನುಣುಪು ಸ್ನಾಯುವಿನಿಂದ ಹುಟ್ಟುವ ಲಿಯೋಮಯೋಸಾರ್ಕೋಮ ಎಂಬ ಅರ್ಬುದವು ಅಂಥ ರೋಗಗಳಲ್ಲೊಂದು. ಈ ರೋಗಕ್ಕೂ ಕಫವನ್ನು ಕರಗಿಸುವ ಔಷಧಗಳಿಗೂ ಸಂಶೋಧಕರು ಕಂಡಿರುವ ಸಂಬಂಧಗಳನ್ನು ಒಂದೆಡೆ ಇಟ್ಟು ನೋಡಿದಾಗ, ‘ಈ ಔಷಧ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಯು ಪ್ರಶ್ನೆಯಾಗಿಯೇ ನಿಲ್ಲತಕ್ಕದ್ದಲ್ಲವೆಂದೂ, ಔಷಧವು ದೇಹದ ಯಾವ ಸ್ಥಳಕ್ಕೆ ಯಾವ ಹೊತ್ತಿನಲ್ಲಿ ಹೋಗಿ ಎಂಥ ಜೀವಕೋಶವನ್ನು ಸೇರುತ್ತದೆಂಬುದರ ಮೇಲೆ ಎಲ್ಲವೂ ನಿಂತಿದೆಯೆಂದೂ ನನಗೆ ಮನವರಿಕೆಯಾಗಿದೆ.

ನಮ್ಮ ಇಚ್ಛೆಗೆ ಕಾಯದೆ ಹಗಲಿರುಳೂ ದುಡಿಯುವ ಸ್ನಾಯುಗಳು ನಮ್ಮ ಒಡಲಲ್ಲಿ ಎಲ್ಲೆಲ್ಲೂ ಇವೆ. ಕರುಳಿನ ಗೋಡೆಯಲ್ಲಿ ಅನ್ನವನ್ನು ಮುಂದಕ್ಕೆ ನೂಕುವುದೂ, ರಕ್ತನಾಳದ ಗೋಡೆಯಲ್ಲಿ ಒತ್ತಡವನ್ನು ಹದದಲ್ಲಿಡುವುದೂ, ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶವನ್ನು ಸಂಕೋಚಗೊಳಿಸಿ ಮಗುವನ್ನು ಲೋಕಕ್ಕೆ ತರುವುದೂ ಈ ನುಣುಪು ಸ್ನಾಯುಗಳ ಕಾರ್ಯವೇ. ಇವು ಹೀಗೆ ಸರ್ವತ್ರ ಹರಡಿಕೊಂಡಿರುವುದರಿಂದ, ಇವುಗಳಲ್ಲಿ ಹುಟ್ಟುವ ಅರ್ಬುದವೂ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಆದರೂ ಗರ್ಭಕೋಶ, ಹೊಟ್ಟೆಯ ಹಿಂಭಾಗದ ಆಳವಾದ ಅವಕಾಶ, ಕೆಳಭಾಗದ ಮಹಾಸಿರೆ, ಕೈಕಾಲುಗಳ ಮೆದುಭಾಗ, ಚರ್ಮ, ಇವೇ ಅದರ ಮುಖ್ಯವಾದ ನೆಲೆಗಳು. ಮೂಳೆ, ಕೊಬ್ಬು, ಸ್ನಾಯು ಮೊದಲಾದ ಆಧಾರಧಾತುಗಳಿಂದ ಹುಟ್ಟುವ ಸಾರ್ಕೋಮಗಳೆಂಬ ಅರ್ಬುದಗಳಲ್ಲಿ 70ಕ್ಕೂ ಹೆಚ್ಚು ಪ್ರಭೇದಗಳಿವೆ. ವಯಸ್ಕರಿಗೆ ಬರುವ ಎಲ್ಲ ಅರ್ಬುದಗಳನ್ನು ಕೂಡಿಸಿ ನೋಡಿದರೆ ಮೆದುಧಾತುಗಳ ಸಾರ್ಕೋಮಗಳ ಪಾಲು ನೂರಕ್ಕೆ ಸುಮಾರು ಒಂದು ಮಾತ್ರ. ಆ ಒಂದರಲ್ಲಿ ಹತ್ತರಿಂದ ಇಪ್ಪತ್ತು ಶೇಕಡಾದಷ್ಟು ನುಣುಪು ಸ್ನಾಯುವಿನದು. ಎಣಿಕೆಯಲ್ಲಿ ಅಲ್ಪವಾದರೂ ಸ್ವಭಾವದಲ್ಲಿ ಇದು ಅಲ್ಪವಲ್ಲ. ಗರ್ಭಕೋಶದ ಲಿಯೋಮಯೋಸಾರ್ಕೋಮವು ಶಸ್ತ್ರಚಿಕಿತ್ಸೆಯಿಂದ ಪೂರ್ತಿಯಾಗಿ ತೆಗೆದುಹಾಕಿದಂತೆ ತೋರಿದ ಮೇಲೆಯೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮರುಕಳಿಸುತ್ತದೆ. ಮರುಕಳಿಸುವಾಗ ರಕ್ತದ ಹಾದಿಯಲ್ಲಿ ಸಂಚರಿಸಿ ಶ್ವಾಸಕೋಶದಲ್ಲಿ ಬೇರೂರುವುದೇ ಹೆಚ್ಚು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಈ ರೋಗವನ್ನು ಗುರುತಿಸುವುದರಲ್ಲಿಯೇ ಒಂದು ತೊಡಕುಂಟು. ಹೆಂಗಸರ ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಎಂಬ ಗೆಡ್ಡೆಗಳೂ ಇದೇ ನುಣುಪು ಸ್ನಾಯುವಿನಿಂದ ಹುಟ್ಟಿದವು. ಅವು ಬಹು ಸಾಮಾನ್ಯ, ನಿರಪಾಯಕರ. ಆದರೆ ಅಂಥ ಗೆಡ್ಡೆಗಳ ನಡುವೆ ಅಡಗಿರುವ ಸಾರ್ಕೋಮವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ನಿಶ್ಚಯವಾಗಿ ಬೇರ್ಪಡಿಸಿ ಹೇಳುವ ಉಪಾಯ ವೈದ್ಯರ ಕೈಯಲ್ಲಿಲ್ಲ. ಫೈಬ್ರಾಯ್ಡ್‌ಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಸುಮಾರು 350 ಮಂದಿ ಹೆಂಗಸರಲ್ಲಿ ಒಬ್ಬರಿಗೆ, ಯಾರೂ ಸಂಶಯಪಡದಿದ್ದ ಸಾರ್ಕೋಮವು ಇದ್ದಿರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2014ರಲ್ಲಿ ಅಂದಾಜುಮಾಡಿ, ಗೆಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರುಚೂರಾಗಿ ಕತ್ತರಿಸಿ ಹೊರತೆಗೆಯುವ ಪದ್ಧತಿಯ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತು. ಚೂರುಗಳು ಚೆದರಿದಲ್ಲಿ ರೋಗವೂ ಚೆದರುವ ಭಯವಿತ್ತು. ತೆಗೆದ ಗರ್ಭಕೋಶವನ್ನು ಪರೀಕ್ಷೆಗೆ ಕಳುಹಿಸದೆ ಎಸೆದುಬಿಡುವ ಚಿಕ್ಕ ಆಸ್ಪತ್ರೆಗಳು ಎಲ್ಲಿಯೇ ಇರಲಿ, ಅವು ಮಾಡುತ್ತಿರುವುದು ಅಪಚಾರವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಇನ್ನು ಈ ರೋಗದ ಕಾರಣಗಳ ಮಾತು: ಎಳೆತನದಲ್ಲಿ ಕಣ್ಣಿನ ಅರ್ಬುದವನ್ನು ಅನುವಂಶಿಕವಾಗಿ ಪಡೆದು ಬದುಕಿ ಉಳಿದವರಲ್ಲಿಯೂ, ರೋಗನಿರೋಧಶಕ್ತಿ ಕುಂದಿದವರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ಸಿನ ಸಹವಾಸದಿಂದಲೂ ಇದು ಹುಟ್ಟುವುದುಂಟು, ಮಿಕ್ಕ ಬಹುಪಾಲು ರೋಗಿಗಳಲ್ಲಿ ಬೆಟ್ಟು ಮಾಡಿ ತೋರಿಸಬಹುದಾದ ಹೊರಗಿನ ಕಾರಣವಿಲ್ಲ. ಜೀವಕೋಶದ ಒಳಗೆ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2017ರಲ್ಲಿ ಅಮೆರಿಕದ ಅರ್ಬುದ ಜೀನೋಮ್ ಯೋಜನೆಯವರು 206 ಸಾರ್ಕೋಮಗಳನ್ನು, ಅವುಗಳೊಳಗೆ 80 ಲಿಯೋಮಯೋಸಾರ್ಕೋಮಗಳನ್ನು ಪರೀಕ್ಷಿಸಿ ಪ್ರಕಟಿಸಿದ ವಿವರಗಳಲ್ಲಿ, ಹಾನಿಗೊಂಡ ಕೋಶವನ್ನು ತಡೆದು ನಿಲ್ಲಿಸಬೇಕಾದ ಪಿ53 ಮತ್ತು ಆರ್‌ಬಿ1 ಎಂಬ ಎರಡು ಜೀನುಗಳು ಈ ಅರ್ಬುದದಲ್ಲಿ ಬಹು ಸಾಮಾನ್ಯವಾಗಿ ಕೆಟ್ಟುಹೋಗಿರುವುದು ಕಂಡುಬಂದಿತು. ಪಿ53ರ ಈ ಅಭಾವವೇ ಮುಂದೆ ನಮ್ಮ ವಿಚಾರಕ್ಕೆ ಕೀಲಕವಾಗುತ್ತದೆ.

ಈಗ ಔಷಧದ ಕಡೆಗೆ ತಿರುಗೋಣ. ಕಫವನ್ನು ತೆಳುಮಾಡುವ ಔಷಧಗಳಲ್ಲಿ ಎರಡು ಮನೆತನಗಳಿವೆ. ಒಂದು ನಮ್ಮ ನೆಲದ್ದೇ: ಹಳ್ಳಿಯ ಹಿರಿಯರು ಕೆಮ್ಮಿಗೆಂದು ಕಷಾಯ ಮಾಡುತ್ತಿದ್ದ ಆಡುಸೋಗೆಯ ಎಲೆಯಲ್ಲಿರುವ ವಾಸಿಸೀನ್ ಎಂಬ ಸಾರವನ್ನು ಮಾದರಿಯಾಗಿಟ್ಟುಕೊಂಡು ಜರ್ಮನಿಯ ರಸಾಯನಜ್ಞರು ನಿರ್ಮಿಸಿದ ಬ್ರೋಮ್‌ಹೆಕ್ಸಿನ್, ಅದರಿಂದ ದೇಹದೊಳಗೆ ಹುಟ್ಟುವ ಆಂಬ್ರಾಕ್ಸಾಲ್, ಇಂದಿನ ಕೆಮ್ಮಿನ ಸಿರಪ್ಪುಗಳಲ್ಲಿ ಇವೇ ಹೆಚ್ಚಾಗಿ ಕಾಣುವುವು. ನಮ್ಮ ಪ್ರಕೃತ ವಿಚಾರಕ್ಕೆ ಸೇರಿದುದು ಎರಡನೆಯ ಮನೆತನ, ಗಂಧಕದ್ದು. ಕಫಕ್ಕೆ ಅಂಟುತನವನ್ನು ಕೊಡುವ ಮ್ಯೂಸಿನ್ ಎಂಬ ನೀಳವಾದ ಅಣುಗಳು, ಹಗ್ಗದ ಎಳೆಗಳನ್ನು ಅಲ್ಲಲ್ಲಿ ಗಂಟುಹಾಕಿ ಬಲೆಮಾಡಿದಂತೆ, ಗಂಧಕದ ಜೋಡಿಬಂಧಗಳಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ಮಾಡಿದ ಅಸಿಟೈಲ್‌ಸಿಸ್ಟೀನ್ ತನ್ನ ತುದಿಯಲ್ಲಿ ಬಂಧವಿಲ್ಲದ ಒಂದು ಗಂಧಕವನ್ನು ಹೊತ್ತುಕೊಂಡಿದೆ. ಅದು ಮ್ಯೂಸಿನ್ನಿನ ಗಂಟುಗಳೊಳಗೆ ಹೊಕ್ಕು ಅವನ್ನು ಬಿಡಿಸುತ್ತದೆ, ಬಲೆ ಸಡಿಲವಾಗಿ ಕಫ ನೀರಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ಇದಕ್ಕೆ ಒಪ್ಪಿಗೆ ದೊರೆತು ಉಸಿರಿನ ಮೂಲಕ ಕೊಡುವ ಔಷಧವಾಗಿ ಬಳಕೆಗೆ ಬಂದಿತು. ಸೀಸೆಯ ಮುಚ್ಚಳ ತೆರೆದೊಡನೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುವುದು ಆ ಗಂಧಕದಿಂದಲೇ. ಅದರ ಗುಣವೂ, ಅದನ್ನು ಕುರಿತ ಸಂಶಯಗಳೂ, ಅರ್ಬುದದೊಡನೆ ಅದಕ್ಕಿರುವ ಎಲ್ಲ ವ್ಯವಹಾರವೂ ಆ ಒಂದು ಪರಮಾಣುವಿನಿಂದಲೇ ಹೊರಟುವೆಂದರೆ ಅತಿಶಯೋಕ್ತಿಯಲ್ಲ.

1970ರ ದಶಕದ ಉತ್ತರಾರ್ಧದಲ್ಲಿ ಈ ಔಷಧಕ್ಕೆ ಎರಡನೆಯ ಜನ್ಮ ಪ್ರಾಪ್ತವಾಯಿತು. ಜ್ವರದ ಗುಳಿಗೆಯಾದ ಪ್ಯಾರಾಸಿಟಮಾಲನ್ನು ಮಿತಿಮೀರಿ ನುಂಗಿದವರ ಯಕೃತ್ತು ಕೆಲವೇ ದಿನಗಳಲ್ಲಿ ನಾಶವಾಗುವುದು, ಅಲ್ಲಿಯ ಗ್ಲುಟಥಯೋನ್ ಎಂಬ ರಕ್ಷಕದ್ರವ್ಯವು ಬರಿದಾಗುವುದರಿಂದ ಎಂದು ತಿಳಿದುಬಂದಾಗ, ಆ ದ್ರವ್ಯವನ್ನು ಮರಳಿ ತುಂಬಲು ಎಡಿನ್‌ಬರೋದಲ್ಲಿ ಲಾರಿ ಪ್ರೆಸ್ಕಾಟ್ ಎಂಬ ವೈದ್ಯರು ಅಸಿಟೈಲ್‌ಸಿಸ್ಟೀನನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. ನುಂಗಿದ ಎಂಟು ಗಂಟೆಗಳೊಳಗೆ ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆಂಬುದು ಸಿದ್ಧವಾಗಿ, ಅಂದಿನಿಂದ ಇಂದಿನವರೆಗೆ ಅದಕ್ಕೆ ಸಮನಾದ ಪ್ರತಿವಿಷ ಬಂದಿಲ್ಲ. ಇದರಿಂದ ಹುಟ್ಟಿದ ಗೌರವವೇ ಮುಂದೆ ಇದನ್ನು ಕೆಮ್ಮಿನ ಕಟ್ಟೆಯಿಂದ ಇಳಿಸಿ ಪುಷ್ಟಿವಸ್ತುಗಳ ಪೇಟೆಗೆ ಒಯ್ದಿತು. ಉತ್ಕರ್ಷಣ ನಿರೋಧಕವೆಂಬ ಬಿರುದಿನೊಡನೆ, ಆರೋಗ್ಯವಂತರೂ ರೋಗಿಗಳೂ ವೈದ್ಯರನ್ನು ಕೇಳದೆಯೇ ದಿನದಿನವೂ ಸೇವಿಸುವ ಗುಳಿಗೆಯಾಗಿ ಅನೇಕ ದೇಶಗಳಲ್ಲಿ ಅದು ಮಾರಾಟವಾಗುತ್ತಿದೆ.

ಸಾರ್ಕೋಮದ ಚಿಕಿತ್ಸೆಗೂ ಕಫದ ಔಷಧಕ್ಕೂ ಮೊಟ್ಟಮೊದಲು ಗಂಟುಬಿದ್ದುದು ಇಲಿಗಳ ಪ್ರಯೋಗಶಾಲೆಯಲ್ಲಿ ಅಲ್ಲ, ರೋಗಿಗಳ ಮೂತ್ರಕೋಶದಲ್ಲಿ. ಜರ್ಮನಿಯ ಬೀಲೆಫೆಲ್ಡಿನ ಆಸ್ಟಾ ಕಾರ್ಖಾನೆಯಲ್ಲಿ ನಾರ್ಬರ್ಟ್ ಬ್ರಾಕ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ 1950ರ ದಶಕದಲ್ಲಿ ಸೈಕ್ಲೋಫಾಸ್ಫಮೈಡ್ ಎಂಬ ಅರ್ಬುದನಾಶಕವನ್ನು ಕೊಟ್ಟರು. ಅದರ ತಮ್ಮನೆನ್ನಬಹುದಾದ ಐಫಾಸ್ಫಮೈಡ್ ಸಾರ್ಕೋಮಗಳ ಮೇಲೆ ಕೆಲಸಮಾಡುವಂತೆ ಕಂಡಿತು. ಆದರೆ ಅದನ್ನು ಸಾಕಷ್ಟು ಪ್ರಮಾಣದಲ್ಲಿ ಕೊಡಹೋದರೆ ರೋಗಿಗಳು ರಕ್ತಮೂತ್ರದಿಂದ ಪಾಡುಪಡುತ್ತಿದ್ದರು. ಆ ಔಷಧವು ಒಡೆದಾಗ ಹುಟ್ಟುವ ಆಕ್ರೋಲಿನ್ ಎಂಬ ಉಗ್ರವಸ್ತುವು ಮೂತ್ರದಲ್ಲಿ ಶೇಖರವಾಗಿ ಮೂತ್ರಕೋಶದ ಒಳಪದರವನ್ನು ಸುಡುತ್ತಿತ್ತೆಂಬುದು 1979ರಲ್ಲಿ ಖಚಿತವಾಯಿತು. ಆಕ್ರೋಲಿನ್ನನ್ನು ಹಿಡಿದು ಕಟ್ಟಿಹಾಕುವುದಕ್ಕೆ ಬಂಧವಿಲ್ಲದ ಗಂಧಕವೇ ಸರಿಯಾದ ಉಪಕರಣ. ವೈದ್ಯರು ಮೊದಲು ಅಸಿಟೈಲ್‌ಸಿಸ್ಟೀನನ್ನೇ ಕೊಟ್ಟು ನೋಡಿದರು, ರಕ್ತಸ್ರಾವ ಕಡಿಮೆಯಾಯಿತು. ಆದರೆ ಅದಕ್ಕಿಂತ ಉತ್ತಮವಾದುದು ಬ್ರಾಕ್ ಅವರ ಗುಂಪಿಗೆ ದೊರೆತಿತ್ತು: ಯೂರೋಪಿನಲ್ಲಿ ಅದುವರೆಗೆ ಕಫವನ್ನು ಕರಗಿಸುವುದಕ್ಕೆಂದೇ ಉಸಿರಿನ ಮೂಲಕ ಕೊಡುತ್ತಿದ್ದ ಮೆಸ್ನಾ ಎಂಬ ಮತ್ತೊಂದು ಗಂಧಕಸಂಯುಕ್ತ. ಇದರ ವರ್ತನೆ ನಿಜವಾಗಿಯೂ ಮನೋಹರವಾದುದು. ರಕ್ತವನ್ನು ಸೇರಿದ ಸ್ವಲ್ಪ ಹೊತ್ತಿನಲ್ಲಿಯೇ ಎರಡೆರಡು ಅಣುಗಳು ಗಂಧಕದ ಕಡೆಯಿಂದ ಕೂಡಿಕೊಂಡು ನಿಷ್ಕ್ರಿಯವಾಗುತ್ತವೆ. ಆ ಜೋಡಿಯು ಜೀವಕೋಶಗಳೊಳಕ್ಕೆ ಸುಲಭವಾಗಿ ಹೊಗಲಾರದೆ, ಅರ್ಬುದದ ಕೋಶವನ್ನೂ ಮುಟ್ಟದೆ, ಮೂತ್ರಪಿಂಡದವರೆಗೆ ಸುಮ್ಮನೆ ಹರಿದುಹೋಗುತ್ತದೆ. ಅಲ್ಲಿ ಮತ್ತೆ ಬೇರ್ಪಟ್ಟು ಎಚ್ಚರಗೊಂಡು, ಮೂತ್ರದೊಡನೆ ಇಳಿದು, ಆಕ್ರೋಲಿನ್ ಎಲ್ಲಿ ಕಾದಿದೆಯೋ ಅಲ್ಲಿಯೇ ಅದನ್ನು ಎದುರುಗೊಳ್ಳುತ್ತದೆ. ರೋಗಿಯ ಮೂತ್ರಕೋಶಕ್ಕೆ ರಕ್ಷೆ, ಅರ್ಬುದಕ್ಕೆ ರಕ್ಷೆಯಿಲ್ಲ. ಅಸಿಟೈಲ್‌ಸಿಸ್ಟೀನಿಗೆ ಈ ವಿವೇಚನೆಯಿಲ್ಲ. ಅದು ಕೋಶಗಳ ಒಳಗೆ ಸೇರಿ ಗ್ಲುಟಥಯೋನನ್ನು ಹೆಚ್ಚಿಸುವ ವಸ್ತು, ಆ ಗ್ಲುಟಥಯೋನು ಐಫಾಸ್ಫಮೈಡಿನಂಥ ಔಷಧಗಳ ಏಟನ್ನು ಅರ್ಬುದದ ಕೋಶದಲ್ಲಿಯೂ ತಗ್ಗಿಸಬಲ್ಲುದು. 1988ರಲ್ಲಿ ಅಮೆರಿಕದಲ್ಲಿ ಐಫಾಸ್ಫಮೈಡಿಗೂ ಮೆಸ್ನಾಕ್ಕೂ ಒಟ್ಟಿಗೆ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಇವೆರಡೂ ಬೇರ್ಪಡದ ಜೊತೆ. ನುಣುಪು ಸ್ನಾಯುವಿನ ಅರ್ಬುದವು ಇತರ ಕೆಲವು ಸಾರ್ಕೋಮಗಳಷ್ಟು ಐಫಾಸ್ಫಮೈಡಿಗೆ ಬಗ್ಗುವುದಿಲ್ಲವೆಂಬುದು ಅನುಭವದಿಂದ ತಿಳಿದು, ಈಗ ಈ ರೋಗಿಗಳಿಗೆ ಅದನ್ನು ಕೊಡುವುದು ಕಡಿಮೆಯಾಗಿದೆ. ಹಾಗಿದ್ದರೂ, ಒಂದೇ ಮನೆತನದ ಎರಡು ಔಷಧಗಳಲ್ಲಿ ಒಂದನ್ನು ಆರಿಸಿ ಒಂದನ್ನು ಬಿಟ್ಟ ಈ ಪ್ರಸಂಗದಲ್ಲಿ, ಮುಂದಿನ ಎಲ್ಲ ವಾದಗಳ ಬೀಜವೂ ಅಡಗಿದೆಯೆಂದು ನಾನು ತಿಳಿದಿದ್ದೇನೆ.

ಲಿಯೋಮಯೋಸಾರ್ಕೋಮದ ಚಿಕಿತ್ಸೆಯಲ್ಲಿ ಇಂದಿಗೂ ಮುಂದಾಳಾಗಿರುವುದು ಡಾಕ್ಸೋರುಬಿಸಿನ್. ಕೆಂಪುಬಣ್ಣದ ಈ ಔಷಧವು ಗೆಡ್ಡೆಯನ್ನು ಕುಗ್ಗಿಸುವುದರ ಜೊತೆಗೆ ಹೃದಯದ ಸ್ನಾಯುವನ್ನೂ ಕ್ರಮೇಣ ದುರ್ಬಲಗೊಳಿಸುವುದರಿಂದ, ಒಬ್ಬ ರೋಗಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದೆಂಬ ಮೇರೆಯನ್ನು ವೈದ್ಯರು ಹಾಕಿಕೊಳ್ಳಬೇಕಾಯಿತು. ಹೃದಯದ ಹಾನಿಗೆ ಉತ್ಕರ್ಷಣಕಾರಿ ಕಣಗಳೇ ಕಾರಣವೆಂಬ ನಂಬಿಕೆ ಅಂದು ಪ್ರಬಲವಾಗಿದ್ದಿತು. ಅಸಿಟೈಲ್‌ಸಿಸ್ಟೀನ್ ಕೊಟ್ಟ ಇಲಿಗಳ ಹೃದಯ ಡಾಕ್ಸೋರುಬಿಸಿನ್ನಿನ ಏಟನ್ನು ತಡೆದುಕೊಂಡಿತೆಂದು ಅಮೆರಿಕದ ಸಂಶೋಧಕರು 1981ರಲ್ಲಿ ಪ್ರಕಟಿಸಿದಾಗ, ಪರಿಹಾರ ಕೈಗೆ ಸಿಕ್ಕಿತೆಂದೇ ಅನೇಕರು ಭಾವಿಸಿದರು. ಎರಡು ವರ್ಷಗಳಲ್ಲಿ ಅದೇ ದೇಶದ ರಾಷ್ಟ್ರೀಯ ಅರ್ಬುದ ಸಂಸ್ಥೆಯವರು ರೋಗಿಗಳನ್ನು ಎರಡು ಗುಂಪುಮಾಡಿ ಪರೀಕ್ಷಿಸಿದರು. ಅಸಿಟೈಲ್‌ಸಿಸ್ಟೀನ್ ಪಡೆದವರ ಹೃದಯಕ್ಕೆ ಪಡೆಯದವರ ಹೃದಯಕ್ಕಿಂತ ಹೆಚ್ಚಿನ ರಕ್ಷೆಯೇನೂ ದೊರೆತಿರಲಿಲ್ಲ. ಇಲಿಯಲ್ಲಿ ಕಂಡುದು ಮನುಷ್ಯನಲ್ಲಿ ಕಾಣಲಿಲ್ಲ. ಆಮೇಲೆ ಈ ಕೆಲಸಕ್ಕೆ ಒದಗಿಬಂದ ಡೆಕ್ಸ್‌ರಜೋಕ್ಸೇನ್ ಗಂಧಕದ ಮನೆತನಕ್ಕೆ ಸೇರಿದುದಲ್ಲ.

ಇಷ್ಟರಲ್ಲಿ ಇಟಲಿಯ ಜಿನೋವಾದಲ್ಲಿ ಸಿಲ್ವಿಯೋ ಡಿ ಫ್ಲೋರಾ ಮತ್ತು ಅವರ ಶಿಷ್ಯವರ್ಗವು ಮತ್ತೊಂದು ಆಶೆಯನ್ನು ಬೆಳೆಸುತ್ತಿದ್ದಿತು. ಹೊಗೆ ಮೊದಲಾದ ವಿಷಗಳು ಜೀವಕೋಶದ ವಂಶದ್ರವ್ಯಕ್ಕೆ ಮಾಡುವ ಹಾನಿಯನ್ನು ಅಸಿಟೈಲ್‌ಸಿಸ್ಟೀನ್ ತಡೆಯುತ್ತದೆಂಬುದನ್ನು ಅವರು ಬಗೆಬಗೆಯ ಪರೀಕ್ಷೆಗಳಿಂದ ತೋರಿಸಿ, ಅರ್ಬುದವು ಹುಟ್ಟದಂತೆಯೇ ತಡೆಯಲು ಇದನ್ನು ಬಳಸಬಹುದೆಂದು ವಾದಿಸಿದರು. ಆ ವಾದವನ್ನು ಮನುಷ್ಯರಲ್ಲಿ ಒರೆಗೆ ಹಚ್ಚಿದುದು ಯೂರೋಸ್ಕ್ಯಾನ್ ಎಂಬ ದೊಡ್ಡ ಪ್ರಯೋಗ. ತಲೆ-ಕೊರಳಿನ ಅರ್ಬುದವೋ ಶ್ವಾಸಕೋಶದ ಅರ್ಬುದವೋ ಬಂದು ಚಿಕಿತ್ಸೆ ಪಡೆದಿದ್ದ 2592 ಮಂದಿಗೆ, ಬಹುಮಂದಿ ಧೂಮಪಾನಿಗಳು, ಎರಡು ವರ್ಷಗಳ ಕಾಲ ಎ ಜೀವಸತ್ವವನ್ನೋ ಅಸಿಟೈಲ್‌ಸಿಸ್ಟೀನನ್ನೋ ಎರಡನ್ನೂ ಕೂಡಿಯೋ ಕೊಟ್ಟು, ಕೆಲವರಿಗೆ ಏನನ್ನೂ ಕೊಡದೆ, ಎಷ್ಟು ಮಂದಿಗೆ ರೋಗ ಮರಳಿತು, ಹೊಸ ಅರ್ಬುದ ಹುಟ್ಟಿತು, ಮರಣ ಬಂದಿತು ಎಂದು ಎಣಿಸಿದರು. 2000ದಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಲಾಭವಿರಲಿಲ್ಲ. ಇದಕ್ಕೆ ಮೊದಲೇ, 1994ರಲ್ಲಿ, ಫಿನ್ಲೆಂಡಿನ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗವು ಇನ್ನೂ ಗಾಬರಿಯ ಸುದ್ದಿಯನ್ನು ತಂದಿದ್ದಿತು. ಬೀಟಾ ಕ್ಯಾರೋಟಿನ್ ಎಂಬ ಉತ್ಕರ್ಷಣ ನಿರೋಧಕವನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ಶೇಕಡಾ 18ರಷ್ಟು ಹೆಚ್ಚಾಗಿದ್ದಿತು. ರಕ್ಷಿಸಬೇಕಾದುದು ಹಾನಿಮಾಡಿತೇಕೆ ಎಂಬ ಒಗಟನ್ನು ಬಿಡಿಸಲು ಇಪ್ಪತ್ತು ವರ್ಷ ಹಿಡಿಯಿತು.

ಬಿಡಿಸಿದವರು ಸ್ವೀಡನ್ನಿನ ಯೋಟೆಬೊರಿಯ ಮಾರ್ಟಿನ್ ಬೆರ್ಯೋ ಮತ್ತು ಅವರ ಸಹೋದ್ಯೋಗಿಗಳು. ಶ್ವಾಸಕೋಶದಲ್ಲಿ ಅರ್ಬುದ ಮೊಳೆಯುವಂತೆ ಮಾಡಿದ ಇಲಿಗಳಿಗೆ ಅವರು ಕುಡಿಯುವ ನೀರಿನಲ್ಲಿ ಅಸಿಟೈಲ್‌ಸಿಸ್ಟೀನನ್ನೂ, ಬೇರೆ ಇಲಿಗಳಿಗೆ ಆಹಾರದಲ್ಲಿ ಇ ಜೀವಸತ್ವವನ್ನೂ ಬೆರೆಸಿ ಕೊಟ್ಟರು. 2014ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಔಷಧ ಪಡೆದ ಇಲಿಗಳ ಗೆಡ್ಡೆಗಳು ಹೆಚ್ಚು ವೇಗವಾಗಿ ಬೆಳೆದುವು, ಇಲಿಗಳು ಬೇಗನೆ ಸತ್ತುವು. ಕಾರಣವು ಯೋಚಿಸತಕ್ಕಂಥದು. ಅರ್ಬುದದ ಕೋಶವು ಅವಸರದ ಬೆಳೆವಣಿಗೆಯಿಂದ ತನ್ನೊಳಗೇ ಉತ್ಕರ್ಷಣದ ಹಾನಿಯನ್ನು ಉಂಟುಮಾಡಿಕೊಳ್ಳುತ್ತದೆ. ಆ ಹಾನಿಯನ್ನು ಕಂಡ ಪಿ53 ಎಚ್ಚೆತ್ತು ಕೋಶವನ್ನು ತಡೆಯುತ್ತದೆ. ಉತ್ಕರ್ಷಣ ನಿರೋಧಕವು ಹಾನಿಯನ್ನು ಅಳಿಸಿದುದರಿಂದ ಪಿ53ಕ್ಕೆ ಎಚ್ಚರಿಕೆಯೇ ತಲುಪಲಿಲ್ಲ, ರೋಗಕ್ಕೆ ದಾರಿ ತೆರವಾಯಿತು. ಮರುವರ್ಷ ಅದೇ ತಂಡವು ಮೆಲನೋಮ ಎಂಬ ಚರ್ಮದ ಅರ್ಬುದವಿದ್ದ ಇಲಿಗಳಿಗೆ ಅಸಿಟೈಲ್‌ಸಿಸ್ಟೀನ್ ಕೊಟ್ಟು ನೋಡಿದಾಗ, ಮೂಲದ ಗೆಡ್ಡೆ ಇದ್ದಂತೆಯೇ ಇದ್ದು, ದುಗ್ಧಗ್ರಂಥಿಗಳಿಗೆ ರೋಗ ಹಬ್ಬುವುದು ಮಾತ್ರ ಹೆಚ್ಚಿತು. 2015ರಲ್ಲಿಯೇ ಟೆಕ್ಸಾಸಿನ ಶಾನ್ ಮಾರಿಸನ್ ಅವರ ಪ್ರಯೋಗಶಾಲೆಯವರು ಮನುಷ್ಯರ ಮೆಲನೋಮವನ್ನು ಇಲಿಗಳಿಗೆ ನಾಟಿಹಾಕಿ, ರಕ್ತವನ್ನು ಸೇರಿದ ಅರ್ಬುದದ ಕೋಶಗಳು ಬಹುತೇಕ ಅಲ್ಲಿಯ ಉತ್ಕರ್ಷಣದ ಒತ್ತಡದಿಂದಲೇ ಸಾಯುತ್ತವೆಂದೂ, ಅಸಿಟೈಲ್‌ಸಿಸ್ಟೀನ್ ಚುಚ್ಚಿದಾಗ ಅವು ಬದುಕಿ ದೂರದ ಅಂಗಗಳಲ್ಲಿ ನೆಲೆಗೊಳ್ಳುತ್ತವೆಂದೂ ತೋರಿಸಿದರು. 2019ರಲ್ಲಿ ಬೆರ್ಯೋ ಅವರ ತಂಡವೇ ಮತ್ತೊಂದು ಕೊಂಡಿಯನ್ನು ಕಂಡುಹಿಡಿಯಿತು: ಉತ್ಕರ್ಷಣ ತಗ್ಗಿದಾಗ ಬ್ಯಾಕ್1 ಎಂಬ ಪ್ರೋಟೀನು ಕೋಶದಲ್ಲಿ ಉಳಿದುಕೊಂಡು, ಸಕ್ಕರೆಯನ್ನು ಉರಿಸುವ ವೇಗವನ್ನು ಹೆಚ್ಚಿಸಿ, ಶ್ವಾಸಕೋಶದ ಅರ್ಬುದವನ್ನು ದೇಹದ ಉದ್ದಗಲಕ್ಕೂ ಹರಡಿಸುತ್ತದೆ.

ಈ ವರದಿಗಳನ್ನು ಓದಿದ ನುಣುಪು ಸ್ನಾಯುವಿನ ಅರ್ಬುದದ ರೋಗಿ ಏನೆಂದು ತಿಳಿಯಬೇಕು? ಇಲ್ಲಿ ಅವಸರಪಡದೆ ಹೆಜ್ಜೆಯಿಡಬೇಕಾಗಿದೆ. 2014ರ ಪ್ರಯೋಗದಲ್ಲಿಯೇ, ಪಿ53 ಇಲ್ಲದಂತೆ ಮಾಡಿದಾಗ ಅಸಿಟೈಲ್‌ಸಿಸ್ಟೀನಿನಿಂದ ಬೆಳೆವಣಿಗೆ ಹೆಚ್ಚಲಿಲ್ಲವೆಂಬುದೂ ಕಂಡುಬಂದಿದ್ದಿತು. ಬಹುಪಾಲು ಲಿಯೋಮಯೋಸಾರ್ಕೋಮಗಳು ಪಿ53ವನ್ನು ಆಗಲೇ ಕಳೆದುಕೊಂಡಿರುವುದರಿಂದ, ಆ ಮಾರ್ಗದಲ್ಲಿ ಔಷಧವು ಮಾಡಬಹುದಾದ ಕೇಡು ಅವುಗಳಲ್ಲಿ ಆಗಲೇ ಸಂಭವಿಸಿದೆ, ಅದಕ್ಕೆ ಮತ್ತೆ ಕೂಡಿಸುವುದೇನಿಲ್ಲ ಎಂದು ತರ್ಕಿಸಬಹುದು. ಅಷ್ಟೇ ಏಕೆ, 2005ರಲ್ಲಿ ಪೀಟರ್ ಚುಮಕೊವ್ ಅವರ ಸಂಗಡಿಗರು, ಹುಟ್ಟಿನಿಂದಲೇ ಪಿ53 ಇಲ್ಲದ ಇಲಿಗಳಿಗೆ ಅಸಿಟೈಲ್‌ಸಿಸ್ಟೀನ್ ಉಣಿಸಿದಾಗ, ಅವಕ್ಕೆ ಎಳವೆಯಲ್ಲಿಯೇ ಬರುತ್ತಿದ್ದ ದುಗ್ಧಧಾತುವಿನ ಅರ್ಬುದವು ತಡೆಯಲ್ಪಟ್ಟುದನ್ನು ಕಂಡಿದ್ದರು. ಈ ಎರಡು ಪ್ರಯೋಗಗಳು ಒಂದನ್ನೊಂದು ಸುಳ್ಳುಮಾಡುತ್ತವೆಂದು ಭಾವಿಸುವವರುಂಟು; ನನಗೆ ಹಾಗೆ ತೋರುವುದಿಲ್ಲ. ಒಂದು, ಕೋಶವಿನ್ನೂ ಕೆಡುವ ಮೊದಲು ಅದರ ವಂಶದ್ರವ್ಯವನ್ನು ಕಾಪಾಡಿದ ಕಥೆ. ಇನ್ನೊಂದು, ಕೆಟ್ಟುಹೋದ ಕೋಶವನ್ನು ಅದರ ಸ್ವಂತ ಹಾನಿಯಿಂದ ಕಾಪಾಡಿದ ಕಥೆ. ಔಷಧದ ಕೆಲಸ ಎರಡೆಡೆಯಲ್ಲಿಯೂ ಒಂದೇ, ಕಾಪಾಡಿಸಿಕೊಂಡವರು ಬೇರೆ. ಹಾಗೆಂದು ಪಿ53 ಕಳೆದುಕೊಂಡ ಅರ್ಬುದದ ರೋಗಿ ನಿಶ್ಚಿಂತನಾಗುವಂತೆಯೂ ಇಲ್ಲ. ಮೆಲನೋಮದ ಕೋಶಗಳು ರಕ್ತದ ಹಾದಿಯಲ್ಲಿ ಸಾಯುವುದೋ ಬದುಕುವುದೋ ಎಂಬುದನ್ನು ನಿರ್ಧರಿಸಿದುದು ಉತ್ಕರ್ಷಣದ ಒತ್ತಡ; ನುಣುಪು ಸ್ನಾಯುವಿನ ಅರ್ಬುದವೂ ಶ್ವಾಸಕೋಶಕ್ಕೆ ಹೋಗುವುದು ರಕ್ತದ ಹಾದಿಯಲ್ಲಿಯೇ. ಬೆಳೆವಣಿಗೆಯ ವಿಷಯದಲ್ಲಿ ದೊರೆತ ಸಮಾಧಾನವನ್ನು ಹಬ್ಬುವಿಕೆಯ ವಿಷಯಕ್ಕೆ ಎಳೆದು ತರುವಂತಿಲ್ಲ. ಮೇಲೆ ಹೇಳಿದ ಇಲಿಗಳ ಸಾಕ್ಷ್ಯಗಳಲ್ಲಿ ಒಂದೂ ನುಣುಪು ಸ್ನಾಯುವಿನ ಅರ್ಬುದದಲ್ಲಿ ದೊರೆತುದಲ್ಲವೆಂಬುದನ್ನೂ ಇಲ್ಲಿಯೇ ಸೇರಿಸಿ ಹೇಳಬೇಕು. ಭಯಕ್ಕಾಗಲಿ ಭರವಸೆಗಾಗಲಿ ಅವು ಹಾದಿಯನ್ನು ಮಾತ್ರ ತೋರಿಸುತ್ತವೆ.

ಅಪರೂಪದ ರೋಗಕ್ಕೆ ನೇರವಾದ ಸಾಕ್ಷ್ಯವನ್ನು ಒದಗಿಸುವುದು ಎಷ್ಟು ಕಷ್ಟವೋ, ಅಷ್ಟೇ ಸಾಧ್ಯವೂ ಹೌದೆಂಬುದಕ್ಕೆ ಫ್ರಾನ್ಸಿನಲ್ಲಿ ಪೆಟ್ರೀಷಿಯಾ ಪೊಟಿಯೇ ಎಂಬ ವೈದ್ಯೆಯ ನೇತೃತ್ವದಲ್ಲಿ ನಡೆದ ಕಾರ್ಯವು ನಿದರ್ಶನ. ದೇಶದ ಹಲವು ಆಸ್ಪತ್ರೆಗಳನ್ನು ಒಗ್ಗೂಡಿಸಿ, ಲಿಯೋಮಯೋಸಾರ್ಕೋಮದ 150 ಮಂದಿ ರೋಗಿಗಳನ್ನೇ ಹುಡುಕಿ ಸೇರಿಸಿ, ಅರ್ಧದಷ್ಟು ಜನಕ್ಕೆ ಡಾಕ್ಸೋರುಬಿಸಿನ್ನನ್ನು ಮಾತ್ರವೂ, ಮಿಕ್ಕವರಿಗೆ ಅದರೊಡನೆ ಕಡಲಿನ ಜೀವಿಯೊಂದರಿಂದ ಮೊದಲು ದೊರೆತ ಟ್ರಾಬೆಕ್ಟೆಡಿನ್ ಎಂಬ ಔಷಧವನ್ನೂ ಕೊಟ್ಟರು. ರೋಗವು ಮುಂದುವರಿಯದೆ ನಿಂತ ಕಾಲದ ಮಧ್ಯಮಾನವು ಮೊದಲ ಗುಂಪಿನಲ್ಲಿ 6.2 ತಿಂಗಳು, ಎರಡನೆಯದರಲ್ಲಿ 12.2 ತಿಂಗಳು; 2024ರಲ್ಲಿ ಪ್ರಕಟವಾದ ಕೊನೆಯ ಲೆಕ್ಕದಂತೆ ಬದುಕಿದ ಕಾಲವು 24 ತಿಂಗಳುಗಳಿಂದ 33ಕ್ಕೆ ಏರಿತು. ನಾನಾ ಬಗೆಯ ಸಾರ್ಕೋಮಗಳನ್ನು ಒಂದೇ ರಾಶಿಗೆ ಸುರಿದು ಪರೀಕ್ಷಿಸುತ್ತಿದ್ದ ಹಳೆಯ ಪದ್ಧತಿಯಲ್ಲಿ ಇಂಥ ವ್ಯತ್ಯಾಸವು ಕಣ್ಣಿಗೆ ಬೀಳದೆ ಹೋಗುವ ಸಂಭವವೇ ಹೆಚ್ಚು. ಒಂದು ರೋಗವನ್ನು ಅದರ ಹೆಸರಿನಿಂದಲೇ ಕರೆದು, ಅದರದೇ ರೋಗಿಗಳನ್ನು ಕೂಡಿಸಿ ಪರೀಕ್ಷಿಸಿದ ಈ ಶ್ರಮವನ್ನು ನೆನೆದಾಗ ಮನಸ್ಸು ತುಂಬಿಬರುತ್ತದೆ.

ಈ ನಡುವೆ ರೋಗಿಯೂ ಅವನ ಮನೆಯವರೂ ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ಪ್ಯಾರಾಸಿಟಮಾಲ್ ಮಿತಿಮೀರಿ ಹೊಟ್ಟೆಗೆ ಹೋದ ಸಂದರ್ಭದಲ್ಲಿ, ರೋಗಿಗೆ ಅರ್ಬುದವಿರಲಿ ಇಲ್ಲದಿರಲಿ, ಅಸಿಟೈಲ್‌ಸಿಸ್ಟೀನ್ ಕೊಡಲು ಒಂದು ಗಳಿಗೆಯೂ ಹಿಂಜರಿಯತಕ್ಕದ್ದಲ್ಲ. ಅಲ್ಲಿ ತಡವೇ ಮೃತ್ಯು. ಎದೆಯಲ್ಲಿ ಕಫ ಕಟ್ಟಿ ಉಸಿರಾಟ ಕಷ್ಟವಾದಾಗ ವೈದ್ಯರು ನಾಲ್ಕೈದು ದಿನಗಳ ಮಟ್ಟಿಗೆ ಬರೆದುಕೊಟ್ಟ ಗುಳಿಗೆಯನ್ನು ಕಂಡು ಬೆಚ್ಚುವುದಕ್ಕೂ ಆಧಾರವಿಲ್ಲ. ಐಫಾಸ್ಫಮೈಡಿನೊಡನೆ ಬರುವ ಮೆಸ್ನಾವನ್ನು, ಅದೂ ಕಫದ ಔಷಧವೇ ಎಂದು ಕೇಳಿ ಬೇಡವೆನ್ನುವುದು ಆತ್ಮಘಾತುಕ. ಆದರೆ ಪುಷ್ಟಿಗೆಂದೋ ನಂಜು ಕಳೆಯುವುದಕ್ಕೆಂದೋ ಹೆಸರಿಟ್ಟು ತಿಂಗಳುಗಟ್ಟಲೆ ಮಾರಲ್ಪಡುವ ಅಸಿಟೈಲ್‌ಸಿಸ್ಟೀನನ್ನು, ಲಿಯೋಮಯೋಸಾರ್ಕೋಮ ಇರುವವರು, ಹಿಂದೊಮ್ಮೆ ಇದ್ದು ಈಗ ವಾಸಿಯಾದವರು, ಚಿಕಿತ್ಸೆ ಮಾಡುತ್ತಿರುವ ಅರ್ಬುದತಜ್ಞರಿಗೆ ತಿಳಿಸದೆ ಸೇವಿಸಕೂಡದು. ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಬೇಕು, ಹೇಳಿದವರನ್ನು ಗದರಿಸದೆ ಕೇಳಿಸಿಕೊಳ್ಳುವುದು ವೈದ್ಯರ ಕರ್ತವ್ಯ. ಮನುಷ್ಯರಲ್ಲಿ ಕೇಡು ಸಿದ್ಧವಾಗಿಲ್ಲವೆಂಬ ಮಾತು ನಿಜ. ಆದರೆ ಲಾಭವೂ ಸಿದ್ಧವಾಗಿಲ್ಲದಿರುವಾಗ, ಮೈಯಲ್ಲಿ ಅಡಗಿರಬಹುದಾದ ಕೋಶಗಳಿಗೆ ಆಸರೆ ಕೊಡುವ ಸಂಶಯವಿರುವ ವಸ್ತುವನ್ನು ಹಣಕೊಟ್ಟು ತಂದು ನುಂಗುವುದರಲ್ಲಿ ಅರ್ಥವಿಲ್ಲ.

ಸಂಶೋಧಕರ ಪಾಲಿಗೆ ಉಳಿದಿರುವ ಕೆಲಸವು ಅಸಾಧ್ಯವಾದುದೇನೂ ಅಲ್ಲ. ಪಿ53 ಉಳಿದಿರುವ ಲಿಯೋಮಯೋಸಾರ್ಕೋಮಗಳನ್ನೂ, ಕಳೆದುಕೊಂಡಿರುವವನ್ನೂ ಬೇರೆಬೇರೆ ಇಲಿಗಳಿಗೆ ನಾಟಿಹಾಕಿ, ಮನುಷ್ಯರು ಸೇವಿಸುವ ಪ್ರಮಾಣಕ್ಕೆ ಸರಿಹೊಂದುವಷ್ಟು ಅಸಿಟೈಲ್‌ಸಿಸ್ಟೀನನ್ನು ಕೆಲವಕ್ಕೆ ಕೊಟ್ಟು ಕೆಲವಕ್ಕೆ ಕೊಡದೆ, ಮೂಲದ ಗೆಡ್ಡೆಯ ಗಾತ್ರವನ್ನೂ ಶ್ವಾಸಕೋಶದಲ್ಲಿ ಮೊಳೆತ ಗೆಡ್ಡೆಗಳ ಎಣಿಕೆಯನ್ನೂ ಪ್ರತ್ಯೇಕವಾಗಿ ಬರೆದಿಟ್ಟರೆ, ಬೆಳೆವಣಿಗೆಯ ಪ್ರಶ್ನೆ ಬೇರೆ, ಹಬ್ಬುವಿಕೆಯ ಪ್ರಶ್ನೆ ಬೇರೆಯಾಗಿ ಉತ್ತರ ಹೊಳೆಯುತ್ತದೆ. ಬ್ಯಾಕ್1 ಈ ಅರ್ಬುದದಲ್ಲಿ ಎಷ್ಟಿದೆಯೆಂಬುದನ್ನು ಸಂಗ್ರಹಿಸಿಟ್ಟ ತುಣುಕುಗಳಲ್ಲಿಯೇ ಅಳೆಯಬಹುದು. ಅದಕ್ಕೆಲ್ಲ ಬೇಕಾದುದು ರೋಗಿಗಳ ಗೆಡ್ಡೆಯ ತುಣುಕುಗಳು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮೊದಲಾದ ದೊಡ್ಡ ಅರ್ಬುದ ಚಿಕಿತ್ಸಾಲಯಗಳಿಗೆ ದೂರದೂರದ ಜಿಲ್ಲೆಗಳಿಂದ ಬಂದು ಸೇರುವ ಹೆಂಗಸರಲ್ಲಿ ಅನೇಕರಿಗೆ ಮೊದಲ ಶಸ್ತ್ರಚಿಕಿತ್ಸೆಯು ಊರಿನ ಆಸ್ಪತ್ರೆಯಲ್ಲಿಯೇ, ಫೈಬ್ರಾಯ್ಡ್ ಎಂಬ ಭಾವನೆಯಿಂದ, ಮುಗಿದುಹೋಗಿರುತ್ತದೆ. ಅಂದು ತೆಗೆದ ಗರ್ಭಕೋಶವನ್ನು ರೋಗಪರೀಕ್ಷಕರಲ್ಲಿಗೆ ಕಳುಹಿಸಿ, ಅವರು ಮೇಣದಲ್ಲಿ ಹುದುಗಿಸಿಟ್ಟ ತುಣುಕನ್ನು ರೋಗಿಯ ಸಮ್ಮತಿಯೊಡನೆ ಕಾಪಾಡಿ, ಆಕೆಯ ಕಾಗದಪತ್ರಗಳ ಜೊತೆಗೆ ಮುಂದಿನ ಆಸ್ಪತ್ರೆಗೆ ಮುಟ್ಟಿಸುವ ಏರ್ಪಾಡು ಮೊದಲು ಆಗಬೇಕು.